ಅಡುಗೆಮನೆಯ ಹಿಂಬಾಗಿಲಿಗೆ ಬಂದ ಹಕ್ಕಿ

ನಾನು ಅಂಟಾರ್ಕ್ಟಿಕಾಕ್ಕೆ ಹೋದದ್ದು ಅಡುಗೆಯವನಾಗಿ. ಗೌರಿಬಿದನೂರಿನಲ್ಲಿ ಈಗಲೂ ಕೆಲವರು ನನ್ನನ್ನು ವಿಜ್ಞಾನಿ ಎಂದುಕೊಂಡಿದ್ದಾರೆ. ಒಂದು ಶಾಲೆಯವರು ಭಾಷಣಕ್ಕೆ ಕರೆದು ಹಾಗೆಂದೇ ಪರಿಚಯ ಮಾಡಿಕೊಟ್ಟರು. ನಾನು ಎದ್ದು ನಿಂತು, “ಇಲ್ಲ ಮೇಷ್ಟ್ರೇ, ಅಲ್ಲಿ ನಾನು ಅನ್ನ ಸಾರು ಮಾಡ್ತಿದ್ದೆ” ಎಂದಾಗ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಆಮೇಲೆ ಅವರು ಕೇಳಿದ ಪ್ರಶ್ನೆಗಳು ಮೇಷ್ಟ್ರು ಬರೆದುಕೊಟ್ಟವಾಗಿರಲಿಲ್ಲ. ಅಲ್ಲಿ ಈರುಳ್ಳಿ ಸಿಗುತ್ತಾ, ನೀರು ಹೆಂಗೆ ಕಾಯಿಸ್ತೀರ, ಮೂಗು ಸೋರಿದರೆ ಗಡ್ಡೆ ಕಟ್ಟುತ್ತಾ ಎಂದೆಲ್ಲ ಕೇಳಿದರು. ಎಲ್ಲದಕ್ಕೂ ಉತ್ತರ ಹೇಳಿದೆ. ಹಕ್ಕಿಯ ವಿಷಯ ಮಾತ್ರ ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ.

ನಮ್ಮೂರು ವಿದುರಾಶ್ವತ್ಥದಿಂದ ಒಂದೆರಡು ಮೈಲಿ. ಮನೆಗೆ ಹತ್ತಿಕೊಂಡೇ ಹೊಲ, ಒಂದು ವರ್ಷ ರಾಗಿ, ಇನ್ನೊಂದು ವರ್ಷ ಮುಸುಕಿನ ಜೋಳ. ನನ್ನನ್ನು ಹೆಚ್ಚಾಗಿ ಬೆಳೆಸಿದ್ದು ಅಜ್ಜಿ. ಅವಳ ತವರು ಆಂಧ್ರದ ಗಡಿಯಾಚೆ. ಹಾಗಾಗಿ ಜನರೊಂದಿಗೆ ಕನ್ನಡದಲ್ಲೂ ದನ, ಕೋಳಿ, ಹಕ್ಕಿಗಳೊಂದಿಗೆ ತೆಲುಗಿನಲ್ಲೂ ಮಾತಾಡುತ್ತಿದ್ದಳು. ಬೆಳಿಗ್ಗೆ ಒಲೆಯಿಂದ ಮುದ್ದೆ ಇಳಿಸಿದ ಮೇಲೆ ಮೊದಲ ತುತ್ತು ಯಾರ ತಟ್ಟೆಗೂ ಬೀಳುತ್ತಿರಲಿಲ್ಲ. ಅಂಗಳದ ಒಗೆಯುವ ಕಲ್ಲಿನ ಮೇಲೆ ಒಂದು ಹಿಡಿ ನುಚ್ಚು, ಪಕ್ಕದಲ್ಲಿ ಮುದ್ದೆಯ ಒಂದು ಚೂರು. ಗುಬ್ಬಿಗಳಿಗೆ ನುಚ್ಚು, ಕಾಗೆಗೆ ಮುದ್ದೆ. ನಾನು ಹಸಿವಾಗಿ ರಾಗ ಎಳೆದರೆ, “ತಿನನೀರಾ, ವಾಟಿಕಿ ಎವರುನ್ನಾರು” ಎನ್ನುತ್ತಿದ್ದಳು. ಅವು ತಿನ್ನಲಿ ಬಿಡೋ, ಅವಕ್ಕೆ ಯಾರಿದ್ದಾರೆ ಎಂದು ಅದರ ಅರ್ಥ. ಅಜ್ಜಿ ಹೋಗಿ ಬಹಳ ವರ್ಷವಾಯಿತು. ಕೈಯಲ್ಲಿ ಒಂದು ಹಿಡಿ ಇದ್ದಾಗ ಹೊರಗೆ ಹಕ್ಕಿ ಕಂಡರೆ ಹಾಕಿಬಿಡುವುದು ಮಾತ್ರ ನನ್ನ ಕೈಗೆ ಅಂಟಿಕೊಂಡೇ ಉಳಿಯಿತು.

ಸೇನೆಗೆ ಅಡುಗೆಯವನಾಗಿ ಸೇರಿದೆ. ಲಡಾಖಿನ ಎತ್ತರದ ಚೌಕಿಗಳಲ್ಲಿ ಹಲವು ಚಳಿಗಾಲ ಕಳೆದೆ. ಅಲ್ಲಿ ಬೇಳೆ ಬೇಯಿಸುವುದೇ ಒಂದು ಯುದ್ಧ. ಹಾಗಾಗಿ ಧ್ರುವಕ್ಕೆ ಹೋಗುವ ತಂಡಕ್ಕೆ ಅಡುಗೆಯವರು ಬೇಕೆಂದು ಸುತ್ತೋಲೆ ಬಂದಾಗ ನಮ್ಮ ಸುಬೇದಾರರು ನನ್ನನ್ನೇ ಕರೆದು ಕೇಳಿದರು. ಹದಿನಾಲ್ಕು ತಿಂಗಳು ಮನೆ ಬಿಟ್ಟಿರಬೇಕು. ನಾನು ಮನೆಗೆ ಫೋನು ಮಾಡಿದೆ.

“ಅಲ್ಲೇನು ಬೆಳೀತಾರೆ ರೀ?” ಎಂದಳು ಹೆಂಡತಿ.

“ಏನೂ ಬೆಳೆಯಲ್ಲ ಕಣೇ. ಬರೀ ಮಂಜು, ಕಲ್ಲು.”

“ಮತ್ತೆ ಏನು ಬೇಯಿಸ್ತೀರ?”

“ಎಲ್ಲಾ ಹಡಗಲ್ಲಿ ತಗೊಂಡ್ಹೋಗ್ತಾರಂತೆ.”

“ಹಂಗಾದ್ರೆ ರಾಗಿ ಹಿಟ್ಟು ನಾನು ಮಾಡಿಸಿ ಕೊಡ್ತೀನಿ, ಅವರ ಹಿಟ್ಟು ನಂಬಬೇಡಿ” ಎಂದಳು. ಅದೇ ಅವಳ ಒಪ್ಪಿಗೆ. ಮಗಳಿಗೆ ಆಗ ನಾಲ್ಕು ವರ್ಷ. ಅಪ್ಪ ಐಸ್‌ಕ್ರೀಮ್ ಊರಿಗೆ ಹೋಗ್ತಾರೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಕೇಪ್‌ಟೌನಿನಿಂದ ಹಡಗು ಹೊರಟ ಮೇಲೆ ಒಂದು ವಾರ ನಾನು ಮನುಷ್ಯನಾಗಿರಲಿಲ್ಲ. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಸಮುದ್ರ ತಣ್ಣಗಾಗಿ ಮೊದಲ ಮಂಜುಗುಡ್ಡಗಳು ಕಂಡ ದಿನ ಎದ್ದು ನಿಂತೆ. ಆ ದಿನವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬಟ್ಟೆ, ಬೂಟು, ಚೀಲ ಎಲ್ಲ ಶುಚಿ ಮಾಡಿಸಿದರು. ಹೊರಗಿನ ಒಂದು ಬೀಜವೂ ಹುಲ್ಲಿನ ಎಸಳೂ ಅಲ್ಲಿನ ನೆಲ ಮುಟ್ಟಬಾರದು. ಜೇಬುಗಳ ಮೂಲೆಗೆಲ್ಲ ಧೂಳು ಹೀರುವ ಯಂತ್ರ ಹಿಡಿದು ಎಳೆದರು. ನನ್ನ ಚೀಲದ ತಳ ಕೊಡವಿದಾಗ ಬಿಳಿ ಹಾಳೆಯ ಮೇಲೆ ಮೂರು ನಾಲ್ಕು ಕೆಂಪು ಕಾಳು ಉರುಳಿದವು.

“ಅಯ್ಯಯ್ಯೋ, ರಾಗಿ!” ಎಂದಿತು ಒಂದು ಹೆಣ್ಣು ದನಿ.

ಅಷ್ಟು ದಿನ ಹಿಂದಿ, ಇಂಗ್ಲಿಷು ಬಿಟ್ಟು ಬೇರೆ ಮಾತು ಕೇಳಿರಲಿಲ್ಲ. ತಿರುಗಿ ನೋಡಿದೆ. ಯಂತ್ರ ಹಿಡಿದು ನಿಂತಿದ್ದ ಹುಡುಗಿಗೆ ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸಿರಬೇಕು, ದಪ್ಪ ಕನ್ನಡಕ.

“ನಿಮ್ಮದ್ಯಾವೂರಮ್ಮ?” ಎಂದೆ.

“ಚಿಂತಾಮಣಿ. ನಿಮ್ದಣ್ಣ?”

“ಗೌರಿಬಿದನೂರು.”

“ಅವುನಾ!” ಎಂದು ಬಾಯಿಗೆ ಕೈ ಇಟ್ಟುಕೊಂಡಳು. ನಮ್ಮ ಕಡೆಯವರಿಗೆ ಆಶ್ಚರ್ಯವಾದಾಗ ತೆಲುಗೇ ಮೊದಲು ಬರುತ್ತದೆ. ಆ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಲಕೋಟೆಗೆ ಹಾಕಿ ಅಂಟಿಸುತ್ತಾ, “ಇಲ್ಲಿ ಬಿದ್ರೆ ಮೊಳೆಯೋದು ಡೌಟೇ ಅಣ್ಣ. ಆದ್ರೂ ಬಿಡಬಾರ್ದು” ಎಂದಳು.

ಅವಳು ಹಕ್ಕಿಗಳ ಮೇಲೆ ಸಂಶೋಧನೆ ಮಾಡಲು ಬಂದವಳು. ಬೇಸಿಗೆಯ ತಂಡ, ಮೂರು ತಿಂಗಳಿದ್ದು ಅದೇ ಹಡಗಿನಲ್ಲಿ ವಾಪಸು ಹೋಗುವವಳು. ಅವಳ ಅಪ್ಪ ಚಿಂತಾಮಣಿಯಲ್ಲಿ ಅಂಚೆ ಕಚೇರಿಯಲ್ಲಿದ್ದರು, ಅಮ್ಮ ನರ್ಸು. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ್ದು ಅಪ್ಪನೇ ಮೊದಲಂತೆ. ಕ್ಯಾಬಿನ್ನಿನ ಮಂಚದ ತಲೆಯ ಕಡೆ ಬುದ್ಧನ ಸಣ್ಣ ಪಟ ಇಟ್ಟುಕೊಂಡಿದ್ದಳು. ಮೊದಲ ದಿನದಿಂದಲೇ ನನ್ನನ್ನು ಅಣ್ಣ ಎಂದಳು. ನಾನು ತಾಯಿ ಎನ್ನುತ್ತಿದ್ದೆ.

ನಮ್ಮ ಕೇಂದ್ರ ಇದ್ದದ್ದು ಬೋಳು ಕಲ್ಲಿನ ದಿಣ್ಣೆಯ ಮೇಲೆ. ಮುಂದೆ ಒಂದು ಕೆರೆ, ಅದರಾಚೆ ಮಂಜಿನ ಗೋಡೆ. ಕಲ್ಲು ನೋಡಿದರೆ ನಮ್ಮ ಕಡೆಯ ಬಂಡೆಗಳ ಹಾಗೇ ಇತ್ತು. ಮೊದಲ ದಿನ ಅದನ್ನು ನೋಡಿ ಸಮಾಧಾನವಾಯಿತು. ಆಮೇಲೆ ಗಮನಿಸಿದರೆ ಆ ಬಂಡೆಗಳ ಸಂದಿಯಲ್ಲಿ ಏನೂ ಇಲ್ಲ. ತುಂಬೆ ಗಿಡವಿಲ್ಲ, ಇರುವೆ ಇಲ್ಲ, ಓತಿಕ್ಯಾತ ಇಲ್ಲ. ಅಪರೂಪಕ್ಕೆ ಕರಗಿದ ನೀರು ಹರಿಯುವ ಕಡೆ ಅಂಗೈಯಗಲ ಪಾಚಿ. ಅದನ್ನು ತುಳಿದರೆ ಆ ಹೆಜ್ಜೆ ನಮ್ಮ ಆಯುಷ್ಯದುದ್ದಕ್ಕೂ ಉಳಿಯಬಹುದು ಎಂದು ಹೇಳಿದ್ದರು. ಅಲ್ಲಿ ನಮ್ಮ ಕಸವನ್ನೂ ಬಿಟ್ಟುಬರಬಾರದು. ಆಲೂಗಡ್ಡೆ ಸಿಪ್ಪೆಯನ್ನೂ ಹೊರಗೆ ಎಸೆಯುವ ಹಾಗಿಲ್ಲ. ಬಗೆಬಗೆಯಾಗಿ ಬೇರ್ಪಡಿಸಿ ಡಬ್ಬಿಗೆ ತುಂಬಬೇಕು, ಹಡಗು ಅದನ್ನು ವಾಪಸು ಒಯ್ಯುತ್ತಿತ್ತು. ಪ್ರಾಣಿಪಕ್ಷಿಗಳ ಹತ್ತಿರ ಹೋಗಬಾರದು, ಏನನ್ನೂ ತಿನ್ನಿಸಬಾರದು ಎಂದು ಹಡಗಿನಲ್ಲೇ ಪಾಠ ಮಾಡಿದ್ದರು. ನಾನೂ ಕುಳಿತು ಕೇಳಿದ್ದೆ. ಕೇಳಿದ ಮಾತು ತಲೆಯಲ್ಲಿತ್ತು, ಕೈಗೆ ಇಳಿದಿರಲಿಲ್ಲ.

ಅಡುಗೆಮನೆಗೆ ಒಂದು ಹಿಂಬಾಗಿಲಿತ್ತು. ಅದರಾಚೆ ಕಬ್ಬಿಣದ ಪುಟ್ಟ ಜಗಲಿ, ಕಂಬಿ, ನಾಲ್ಕು ಮೆಟ್ಟಿಲು. ಬೆಳಗಿನ ತಿಂಡಿ ಮುಗಿದು ಮಧ್ಯಾಹ್ನದ ಅಡುಗೆಗೆ ಕೈ ಹಾಕುವ ಮುನ್ನ ನಾನು ಐದು ನಿಮಿಷ ಅಲ್ಲಿ ನಿಲ್ಲುತ್ತಿದ್ದೆ. ಬಂದ ಎರಡನೇ ವಾರ ಒಂದು ದಿನ ಕಂಬಿಯ ಮೇಲೆ ಒಂದು ಹಕ್ಕಿ ಬಂದು ಕೂತಿತು. ನಮ್ಮ ಹದ್ದಿನಷ್ಟು ದೊಡ್ಡದು, ಕಂದು ಬಣ್ಣ, ಕೊಕ್ಕಿನ ತುದಿ ಬಾಗಿದೆ. ಸ್ಕುವಾ ಎನ್ನುತ್ತಾರೆ. ಸಾಧು ಹಕ್ಕಿಯೇನಲ್ಲ. ಬೇರೆ ಹಕ್ಕಿಗಳ ಮೊಟ್ಟೆ, ಮರಿ ಕದ್ದು ತಿಂದು ಬದುಕುವಂಥದ್ದು. ಆದರೆ ಅದು ನನ್ನಿಂದ ಮೂರು ಮಾರು ದೂರದಲ್ಲಿ ಕೂತು, ಕತ್ತು ಓರೆ ಮಾಡಿ ನನ್ನ ಕೈ ನೋಡಿತು. ಮುಖವನ್ನಲ್ಲ, ಕೈಯನ್ನು. ಅಜ್ಜಿಯ ಕಾಗೆಗಳು ಹಾಗೇ ನೋಡುತ್ತಿದ್ದವು.

ಆ ಹಕ್ಕಿಗೆ ಮನುಷ್ಯನ ಭಯವೇ ಇರಲಿಲ್ಲ. ಸಾವಿರಾರು ಮೈಲಿ ದೂರ ಬಂದು, ಗಿಡವಿಲ್ಲದ ನೆಲದಲ್ಲಿ ನಿಂತಿದ್ದವನಿಗೆ ಒಂದು ಜೀವ ತಾನಾಗಿಯೇ ಹತ್ತಿರ ಬಂದು ಕೂತರೆ ಏನನ್ನಿಸುತ್ತದೆ ಎಂದು ಈಗ ವಿವರಿಸುವುದು ಕಷ್ಟ. ಒಳಗೆ ಹೋಗಿ ಒಂದು ಚೂರು ಚಪಾತಿ ತಂದು ಜಗಲಿಯ ತುದಿಯಲ್ಲಿಟ್ಟೆ. ಕುಕ್ಕಿ ನೋಡಿ ಬಿಟ್ಟಿತು. ಮಾರನೆಯ ದಿನ ಕೋಳಿಯ ಚರ್ಮ ಇಟ್ಟೆ. ಒಂದೇ ಗುಟುಕಿಗೆ ನುಂಗಿತು. ಅಲ್ಲಿಂದ ಅದು ದಿನಾ ಬಂತು. ನಾನು ದಿನಾ ಹಾಕಿದೆ. “ಬಾರಮ್ಮ, ಬಾ” ಎಂದು ಕನ್ನಡದಲ್ಲಿ ಕರೆಯುತ್ತಿದ್ದೆ. ಅದರ ಎಡಗಾಲಿಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಳೆ ಇತ್ತು, ಯಾರೋ ಹಿಂದೆ ತೊಡಿಸಿದ್ದು. ಸಂಶೋಧಕರ ಗುರುತು ಎಂದು ಗೊತ್ತಿತ್ತು. ಆದರೂ ಯಾರಿಗೂ ಹೇಳಲಿಲ್ಲ. ತಪ್ಪು ಎಂದು ಗೊತ್ತಿರದಿದ್ದರೆ ಹೇಳಿರುತ್ತಿದ್ದೆನಲ್ಲ, ಎಂದು ಆಮೇಲೆ ನನಗೇ ಅನ್ನಿಸಿತು.

ಒಂದು ಭಾನುವಾರ ನನಗೆ ಮಧ್ಯಾಹ್ನ ಬಿಡುವಿತ್ತು. ಚಿಂತಾಮಣಿಯ ಹುಡುಗಿ, “ಬನ್ನಿ ಅಣ್ಣ, ನನ್ನ ಕೆಲಸ ತೋರಿಸ್ತೀನಿ” ಎಂದು ಕರೆದಳು. ಕೆರೆ ಬಳಸಿಕೊಂಡು ಅರ್ಧ ಗಂಟೆ ನಡೆದು ಒಂದು ದಿಬ್ಬದ ಹಿಂದೆ ಬಂಡೆಗೆ ಒರಗಿ ಕೂತೆವು. ಅವಳು ದುರ್ಬೀನು ಕೊಟ್ಟಳು. ಎದುರಿನ ಜಲ್ಲಿಯ ಸಮತಟ್ಟಿನಲ್ಲಿ ಒಂದು ತಗ್ಗು. ಗೂಡು ಎಂದರೆ ಅಷ್ಟೇ. ಕಡ್ಡಿ ಇಲ್ಲ, ಹುಲ್ಲಿಲ್ಲ, ತರಲು ಅಲ್ಲಿ ಏನಿದೆ. ಒಂದು ಸ್ಕುವಾ ರೆಕ್ಕೆ ಸಡಿಲಿಸಿ ಕೂತಿತ್ತು. ಅದರ ಎದೆಯ ಕೆಳಗಿಂದ ಬೂದು ಬಣ್ಣದ ಒಂದು ಉಂಡೆ ಹೊರಗೆ ಬಂತು. ನನ್ನ ಮುಷ್ಟಿಯಷ್ಟೂ ಇಲ್ಲ.

“ಒಂದೇ ಮರಿನಾ?”

“ಎರಡು ಮೊಟ್ಟೆ ಇತ್ತು. ಒಂದು ಒಡೀಲೇ ಇಲ್ಲ. ಇದೊಂದೇ ಇರೋದು.”

“ಅಮ್ಮನಾ ಅದು?”

“ಅಪ್ಪ ಅನ್ಸುತ್ತೆ. ಒಂದು ಊಟಕ್ಕೆ ಹೋದ್ರೆ ಇನ್ನೊಂದು ಇರ್ಲೇಬೇಕು. ಇಬ್ಬರೂ ಹೋದ್ರೆ ಅಕ್ಕಪಕ್ಕದ ಜೋಡಿಗಳೇ ಬಂದು ತಿಂದ್ಬಿಡ್ತಾವೆ.”

“ಅದೇ ಜಾತಿಯವೇ?”

“ಅದೇ ಜಾತಿಯವೇ ಅಣ್ಣ. ಅವಕ್ಕೂ ಮರಿ ಇದೆ, ಅವಕ್ಕೂ ಹಸಿವಾಗುತ್ತಲ್ಲ. ಇಲ್ಲಿ ಎಲ್ಲಾ ಅಷ್ಟಷ್ಟೇ ಇರೋದು.”

ಅಷ್ಟರಲ್ಲಿ ಇನ್ನೊಂದು ಹಕ್ಕಿ ಕೇಂದ್ರದ ಕಡೆಯಿಂದ ಹಾರಿ ಬಂದು ಗೂಡಿನ ಪಕ್ಕ ಇಳಿಯಿತು. ದುರ್ಬೀನಿನಲ್ಲಿ ಕಾಲು ಸ್ಪಷ್ಟವಾಗಿ ಕಂಡಿತು. ಎಡಗಾಲು, ಕಿತ್ತಳೆ ಬಳೆ. ಬೆಳಿಗ್ಗೆ ತಾನೇ ನಾನು ಅದಕ್ಕೆ ಕೋಳಿಯ ಈಲಿ, ಅದೇ ಲಿವರು, ಹಾಕಿದ್ದೆ.

“ಇದೇ ನೋಡಿ ಅಮ್ಮ” ಎಂದಳು ಹುಡುಗಿ, ಖುಷಿಯಿಂದ. “ಈಚೆಗೆ ಇದು ಸಮುದ್ರಕ್ಕೆ ಹೋಗೋದು ಕಮ್ಮಿ ಮಾಡಿದೆ. ಬೇಗಬೇಗ ವಾಪಸ್ ಬರುತ್ತೆ. ಯಾಕೋ ಗೊತ್ತಾಗ್ತಿಲ್ಲ.”

ಆಗ ಹೇಳಬೇಕಿತ್ತು. ನಾಳೆಯಿಂದ ನಿಲ್ಲಿಸಿಬಿಡುತ್ತೇನೆ, ಯಾರಿಗೂ ಗೊತ್ತಾಗದ ಹಾಗೆ ಮುಗಿದುಹೋಗುತ್ತದೆ ಎಂದುಕೊಂಡೆ. ಮಾರನೆಯ ದಿನ ಹಕ್ಕಿ ಬಂದು ಕಂಬಿಯ ಮೇಲೆ ಕೂತು ನನ್ನ ಕೈ ನೋಡಿತು. ಇದೇ ಕೊನೆ ಎಂದು ಹಾಕಿದೆ. ಅದರ ಮಾರನೆಯ ದಿನ ನಿಜವಾಗಿಯೂ ಹಾಕಲಿಲ್ಲ. ಬಾಗಿಲು ತೆರೆಯಲೇ ಇಲ್ಲ. ಅದು ಎಷ್ಟು ಹೊತ್ತು ಕಾದಿತೋ ಗೊತ್ತಿಲ್ಲ. ಸಾರು ಇಳಿಸುವಾಗ ಕಿಟಕಿಯಿಂದ ನೋಡಿದರೆ ಇನ್ನೂ ಅಲ್ಲೇ ಇತ್ತು. ಅನ್ನ ಬಸಿದು ನೋಡಿದಾಗಲೂ ಇತ್ತು.

ಆ ದಿನ ಸಂಜೆ ಎಲ್ಲರೂ ಊಟಕ್ಕೆ ಬಂದರೂ ಹುಡುಗಿ ಬರಲಿಲ್ಲ. ತಟ್ಟೆಗೆ ಅನ್ನ, ಹುಳಿ ಹಾಕಿ ಎತ್ತಿಟ್ಟಿದ್ದೆ. ಎಲ್ಲರೂ ಎದ್ದುಹೋದ ಮೇಲೆ ಅಡುಗೆಮನೆಗೇ ಬಂದು ಸ್ಟೂಲಿನ ಮೇಲೆ ಕೂತಳು. ಹೊರಗೆ ಸೂರ್ಯ ಹಾಗೇ ಇದ್ದ. ಆ ಕಾಲದಲ್ಲಿ ಅಲ್ಲಿ ಅವನು ಮುಳುಗುವುದಿಲ್ಲ. ತಟ್ಟೆ ಮುಂದಿಟ್ಟರೆ ಮುಟ್ಟಲಿಲ್ಲ.

“ಮರಿ ಹೋಯ್ತು ಅಣ್ಣ.”

ನಾನು ಪಾತ್ರೆ ಉಜ್ಜುವುದನ್ನು ನಿಲ್ಲಿಸಿದೆ.

“ಅಪ್ಪ ಹಕ್ಕಿ ಸಮುದ್ರಕ್ಕೆ ಹೋಗಿತ್ತು. ಅಮ್ಮ ಇರಬೇಕಾಗಿತ್ತು. ಇರ್ಲಿಲ್ಲ. ನಾನು ನೋಡ್ತಾನೇ ಇದ್ದೆ, ಪಕ್ಕದ್ದು ಬಂದು ಎತ್ಕೊಂಡೋಯ್ತು. ನಾವು ಅಡ್ಡ ಹೋಗೋ ಹಾಗಿಲ್ಲ. ಅಷ್ಟು ಹೊತ್ತು ಅದು ಎಲ್ಲಿ ಹೋಗಿತ್ತೋ.”

“ಇಲ್ಲಿತ್ತು ತಾಯಿ” ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ನಾನು ಹಿಂಬಾಗಿಲ ಕಡೆ ಕೈ ತೋರಿಸಿದೆ. “ಆ ಕಂಬಿ ಮೇಲೆ ಕೂತಿತ್ತು. ನಾನೇ ಅಭ್ಯಾಸ ಮಾಡಿಸ್ದೆ. ದಿನಾ ಹಾಕ್ತಿದ್ದೆ. ಇವತ್ತು ಹಾಕ್ಲಿಲ್ಲ, ಅದಕ್ಕೇ ಕಾದಿದೆ.”

ಅವಳು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡಳು. “ಎಷ್ಟು ದಿನದಿಂದ?”

“ಮೂರು ವಾರ ಆಗಿರಬೇಕು.”

“ಏನ್ ಹಾಕ್ತಿದ್ರಿ?”

“ಚರ್ಮ, ಈಲಿ. ಕೋಳಿದು.”

“ಕೋಳಿನಾ?” ಅವಳ ದನಿ ಏರಿತು. “ಅಣ್ಣ, ಕೋಳಿನಾ ಹಾಕಿದ್ರಿ? ಕೋಳಿ ಕಾಯಿಲೆ ಇವಕ್ಕೆ ಅಂಟಿದ್ರೆ ಏನಾಗುತ್ತೆ ಗೊತ್ತಾ ನಿಮ್ಗೆ? ಇದು ಇಲ್ಲಿಂದ ಹೋಗಿ ಪೆಂಗ್ವಿನ್ ಇರೋ ಕಡೆ ಕೂತ್ಕೊಳುತ್ತೆ. ಒಂದು ಹಕ್ಕಿ ಸಾಕು, ಒಂದೇ ಹಕ್ಕಿ ಸಾಕು!”

ಗೊತ್ತಿರಲಿಲ್ಲ. ಅದು ಮಾತ್ರ ನಿಜವಾಗಿಯೂ ಗೊತ್ತಿರಲಿಲ್ಲ. ನಿಯಮ ಎಂದು ಹೇಳಿದ್ದರು, ಕಾರಣ ಕೇಳಿಸಿಕೊಳ್ಳುವಷ್ಟು ಗಮನ ನಾನು ಕೊಟ್ಟಿರಲಿಲ್ಲ. ಅವಳು ಅಳುತ್ತಿದ್ದಳು. ಕೋಪಕ್ಕೋ ದುಃಖಕ್ಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು, “ನಾನು ಇದನ್ನ ಬರೀಲೇಬೇಕು ಅಣ್ಣ” ಎಂದಳು. “ಬರಿಯಮ್ಮ” ಎಂದೆ. ತಟ್ಟೆಯಲ್ಲಿದ್ದ ಅನ್ನ ಹಾಗೇ ಆರಿತ್ತು.

ಬೆಳಿಗ್ಗೆ ಅವಳಿಗಿಂತ ಮೊದಲು ನಾನೇ ಕೇಂದ್ರದ ಮುಖ್ಯಸ್ಥರ ಬಳಿಗೆ ಹೋದೆ. ಅವರು ಮಾತು ಕಡಿಮೆಯ ಮನುಷ್ಯ. ಭೂಗರ್ಭ ಶಾಸ್ತ್ರದವರು, ಅಲ್ಲಿಗೆ ಬಂದದ್ದು ಅದು ಮೂರನೇ ಸಲ. ಪೂರ್ತಿ ಕೇಳಿದರು. ಬೈಯಲಿಲ್ಲ. ಇದೇ ಹಡಗಿನಲ್ಲಿ ವಾಪಸು ಕಳಿಸುವ ಅಧಿಕಾರ ನನಗಿದೆ, ಆದರೆ ಚಳಿಗಾಲಕ್ಕೆ ಇನ್ನೊಬ್ಬ ಅಡುಗೆಯವನಿಲ್ಲ ಎಂದರು. ಆಮೇಲೆ, ಇವತ್ತು ಊಟದ ಹೊತ್ತಿಗೆ ಎಲ್ಲರ ಮುಂದೆ ನೀನೇ ನಿಂತು ಹೇಳು, ನಾನು ಹೇಳಿದರೆ ಅದು ಇನ್ನೊಂದು ಸೂಚನೆ ಅಷ್ಟೇ ಆಗುತ್ತದೆ ಎಂದರು.

ಹೇಳಿದೆ. ಏಪ್ರನ್ ಬಿಚ್ಚಿ, ಕೈ ಹಿಂದೆ ಕಟ್ಟಿಕೊಂಡು, ಸೇನೆಯ ಹಿಂದಿಯಲ್ಲಿ. ಯಾರೂ ನಗಲಿಲ್ಲ. ಜನರೇಟರ್ ನೋಡಿಕೊಳ್ಳುತ್ತಿದ್ದ ಒಬ್ಬರು ಮಾತ್ರ ತಲೆ ತಗ್ಗಿಸಿ, ನಾನೂ ಎರಡು ಸಲ ಬಿಸ್ಕತ್ತು ಹಾಕಿದ್ದೇನೆ ಎಂದರು. ಅವರ ಮಾತು ಕೇಳಿ ನನಗೆ ಹಗುರವಾಗಲಿಲ್ಲ. ಇಷ್ಟೇ ಜನ ನಾವು. ಇಷ್ಟು ಜನರ ಒಳ್ಳೆಯತನವನ್ನೂ ಆ ನೆಲ ತಡೆದುಕೊಳ್ಳಲಾರದಲ್ಲ ಎನ್ನಿಸಿತು.

ಆಮೇಲೂ ಹಕ್ಕಿ ಹನ್ನೊಂದು ದಿನ ಬಂತು. ನಾನು ಎಣಿಸಿದ್ದೇನೆ. ಮೊದಲ ಕೆಲವು ದಿನ ಬಾಗಿಲನ್ನು ಕೊಕ್ಕಿನಿಂದ ಬಡಿಯುತ್ತಿತ್ತು. ನಾನು ಒಳಗೆ ಈರುಳ್ಳಿ ಹೆಚ್ಚುತ್ತಾ ಅದನ್ನು ಕೇಳುತ್ತಿದ್ದೆ. ಹನ್ನೆರಡನೆಯ ದಿನ ಕಂಬಿ ಖಾಲಿ ಇತ್ತು. ಗೂಡಿಲ್ಲದ ಮೇಲೆ ಅದು ಅಲ್ಲಿರಲು ಕಾರಣವೂ ಇರಲಿಲ್ಲ.

ಹುಡುಗಿ ಎರಡು ವಾರ ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ಒಂದು ದಿನ ನಾನು ರಾಗಿ ಮುದ್ದೆ, ಬಸ್ಸಾರು ಮಾಡಿದೆ. ಒಣಗಿಸಿದ ಸೊಪ್ಪು, ಫ್ರೀಜರಿನ ಬೀನ್ಸ್ ಹಾಕಿ ಮಾಡಿದ ಬಸ್ಸಾರು, ಏನೋ ಒಂದು. ಬೇರೆಯವರು ಮುದ್ದೆಯನ್ನು ಚಮಚದಲ್ಲಿ ಕತ್ತರಿಸಿ ಅಗಿಯಲು ನೋಡುತ್ತಿದ್ದರು. ಅವಳು ಮುರಿದು ಅದ್ದಿ ನುಂಗಿ, ಕಣ್ಣು ಮುಚ್ಚಿದಳು. “ಇನ್ನೊಂದು ಹಾಕಣ್ಣ” ಎಂದಳು. ಅಷ್ಟೇ. ನಾನು ಅಡುಗೆಮನೆಗೆ ಬಂದು ಸ್ವಲ್ಪ ಹೊತ್ತು ಗೋಡೆಗೆ ಮುಖ ಮಾಡಿ ನಿಂತೆ.

ಹಡಗು ಹೊರಡುವ ಹಿಂದಿನ ದಿನ ಒಂದು ಹಸಿರು ರಟ್ಟಿನ ನೋಟ್‌ಬುಕ್ ತಂದುಕೊಟ್ಟಳು. “ಚಳಿಗಾಲ ಕಳೆದು ಅಕ್ಟೋಬರ್ ಹೊತ್ತಿಗೆ ಹಕ್ಕಿಗಳು ವಾಪಸ್ ಬರ್ತಾವೆ. ನಾನಿರಲ್ಲ. ಯಾವ ದಿನ ಯಾವುದು ಬಂತು, ಯಾವ ಕಾಲಲ್ಲಿ ಯಾವ ಬಣ್ಣ, ಜೊತೇಲಿ ಯಾರು, ಇಷ್ಟು ಬರ್ದಿಡ್ತೀರಾ?”

“ನನ್ನನ್ನ ನಂಬ್ತೀಯಾ ತಾಯಿ?”

“ನಿಮ್ಮಷ್ಟು ಹತ್ರದಿಂದ ಅದನ್ನ ನೋಡಿರೋರು ಇಲ್ಲಿ ಯಾರೂ ಇಲ್ವಲ್ಲ ಅಣ್ಣ” ಎಂದಳು. ಅದು ಚುಚ್ಚು ಮಾತೋ, ವಿಶ್ವಾಸವೋ, ಆಗ ಕೇಳಲಿಲ್ಲ.

ಚಳಿಗಾಲದ ಎರಡು ತಿಂಗಳು ಸೂರ್ಯ ಹುಟ್ಟಲೇ ಇಲ್ಲ. ಉಳಿದವರು ಇಪ್ಪತ್ತೈದು ಜನ. ಬಿರುಗಾಳಿಗೆ ಕೇಂದ್ರದ ಗೋಡೆಗಳು ಗುಡುಗುತ್ತಿದ್ದವು. ಹೊಟ್ಟೆ ತುಂಬಿಸುವುದಕ್ಕಿಂತ ಬೇಸರ ಕಳೆಯಲು ಅಡುಗೆ ಮಾಡುತ್ತಿದ್ದೆ: ಒಬ್ಬಟ್ಟು, ನಿಪ್ಪಟ್ಟು, ಕಡುಬು. ಕೈ ಕೆಲಸ ಮಾಡುತ್ತಿದ್ದರೆ ತಲೆ ಊರಿಗೆ ಹೋಗುತ್ತಿತ್ತು. ಅಜ್ಜಿಯ ಕಾಲದ ಗುಬ್ಬಿಗಳು ನೆನಪಾಗುತ್ತಿದ್ದವು. ನಮ್ಮ ಮನೆಯ ಹೆಂಚಿನ ಸಂದಿಯಲ್ಲಿ, ದೇವರ ಪಟದ ಹಿಂದೆ, ಸೂರಿನ ತೊಲೆಯ ಮೇಲೆ ಎಲ್ಲೆಲ್ಲೂ ಗುಬ್ಬಿ ಗೂಡು. ಊಟದ ತಟ್ಟೆಗೆ ಹುಲ್ಲು ಉದುರುತ್ತಿತ್ತು. ನಾನು ಸೇನೆಗೆ ಸೇರಿದ ಮೇಲೆ ಪ್ರತಿ ರಜೆಗೆ ಬಂದಾಗಲೂ ಒಂದಿಷ್ಟು ಕಡಿಮೆಯಾಗುತ್ತಾ ಬಂದು, ಒಂದು ರಜೆಯಲ್ಲಿ ಇರಲೇ ಇಲ್ಲ. ಅಜ್ಜಿ ಹೋದ ಮೇಲೆ ನುಚ್ಚು ಹಾಕುವವರಿಲ್ಲದೆ ಹೋದವು ಎಂದು ನಾವೆಲ್ಲ ಬಹಳ ದಿನ ನಂಬಿದ್ದೆವು. ಅಮ್ಮನೂ ಹೆಂಡತಿಯೂ ಸ್ವಲ್ಪ ದಿನ ಹಾಕಿ ನೋಡಿದರು. ಬರಲಿಲ್ಲ.

ಆ ಕತ್ತಲ ತಿಂಗಳುಗಳಲ್ಲಿ ಹಿಟ್ಟು ನಾದುತ್ತಾ ಯೋಚಿಸಿದಾಗ ಬೇರೆಯೇ ತೋರಿತು. ಗುಬ್ಬಿಗಳನ್ನು ಬದುಕಿಸಿದ್ದು ನಮ್ಮ ಒಂದು ಹಿಡಿ ನುಚ್ಚಲ್ಲ. ಹೆಂಚಿನ ಸಂದಿ, ಸಗಣಿ ಸಾರಿಸಿದ ಕಣದಲ್ಲಿ ವಾರಗಟ್ಟಲೆ ಬಿದ್ದಿರುತ್ತಿದ್ದ ರಾಗಿ, ಬಾವಿ ಕಟ್ಟೆಯ ಕೆಸರು, ಬೇಲಿಯ ಹುಳುಹುಪ್ಪಟೆ, ಇವೆಲ್ಲ ಸೇರಿ ಬದುಕಿಸಿದ್ದು. ನಾವು ಹೆಂಚು ತೆಗೆದು ಆರ್‌ಸಿಸಿ ಹಾಕಿಸಿದೆವು. ಒಕ್ಕಣೆ ಯಂತ್ರಕ್ಕೆ ಹೋಯಿತು, ಬೇಲಿಗೆ ತಂತಿ ಬಂತು, ಬಾವಿ ಮುಚ್ಚಿತು. ಇವುಗಳಲ್ಲಿ ಯಾವುದನ್ನೂ ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ. ಹೆಂಚಿನ ಮನೆ ಸೋರುತ್ತಿತ್ತು, ಒಕ್ಕಣೆಗೆ ಆಳು ಸಿಗುತ್ತಿರಲಿಲ್ಲ. ಅವಕ್ಕೆ ಬೇಕಾದದ್ದನ್ನೆಲ್ಲ ತೆಗೆದುಕೊಂಡ ಮೇಲೂ ನಮ್ಮ ಒಂದು ಹಿಡಿಯನ್ನು ಮಾತ್ರ ಮುಂದೆ ಮಾಡಿಕೊಂಡು, ಯಾಕೆ ಬರಲಿಲ್ಲ ಎಂದು ಬೇಸರಪಟ್ಟುಕೊಂಡೆವು. ಅಜ್ಜಿಯ ಮೇಲೆ ನನಗೆ ಇದರಿಂದ ಪ್ರೀತಿ ಕಡಿಮೆಯಾಗಲಿಲ್ಲ. ಅವಳ ಅಂಗಳ ಅವಳ ಹಿಡಿಯನ್ನು ತಡೆದುಕೊಳ್ಳುವಷ್ಟು ತುಂಬಿತ್ತು. ನಾನು ಹೋಗಿ ನಿಂತ ಜಾಗ ಹಾಗಿರಲಿಲ್ಲ.

ಅಕ್ಟೋಬರ್ ಕೊನೆಗೆ ಮೊದಲ ಸ್ಕುವಾ ಬಂತು. ಬಲಗಾಲು, ನೀಲಿ. ನೋಟ್‌ಬುಕ್ಕಿನಲ್ಲಿ ಬರೆದೆ. ನಾಲ್ಕು ದಿನ ಬಿಟ್ಟು, ಉಪ್ಪಿಟ್ಟಿನ ಬಾಣಲೆ ತೊಳೆಯುತ್ತಿದ್ದಾಗ ಹಿಂಬಾಗಿಲ ಮೇಲೆ ಟಕ್ ಟಕ್ ಸದ್ದು. ನೋಡದೆಯೇ ಗೊತ್ತಾಯಿತು. ಕಿಟಕಿಯಿಂದ ಇಣುಕಿದೆ. ಎಡಗಾಲು, ಕಿತ್ತಳೆ. ಎಷ್ಟೋ ಸಮುದ್ರ ಸುತ್ತಿ, ಎಂಟು ತಿಂಗಳು ಎಲ್ಲೆಲ್ಲಿ ಇತ್ತೋ, ಬಂದ ಕೂಡಲೇ ನನ್ನ ಬಾಗಿಲು ಬಡಿಯಿತು. ಸತ್ಯ ಹೇಳಬೇಕೆಂದರೆ ನನಗೆ ಅಳುವೂ ಸಂತೋಷವೂ ಒಟ್ಟಿಗೇ ಬಂದವು. ಮರೆತಿರಲಿಲ್ಲವಲ್ಲ ಎಂದು ಸಂತೋಷ. ಮರೆತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅಳು. ಕೈ ಚಿಲಕದ ಮೇಲಿತ್ತು. ತೆಗೆಯಲಿಲ್ಲ. ನೋಟ್‌ಬುಕ್ ತಂದು ನಿಂತಲ್ಲೇ ದಿನ, ಹೊತ್ತು, ಕಾಲು, ಬಣ್ಣ ಬರೆದೆ. ಕೈಬರಹ ಸೊಟ್ಟಗಿದೆ, ಈಗಲೂ ಗುರುತಿಸಬಲ್ಲೆ. ಮೂರು ದಿನ ಬಂದು ನಾಲ್ಕನೆಯ ದಿನ ಬರಲಿಲ್ಲ. ವಾರದ ಮೇಲೆ ದಿಬ್ಬದ ಹಿಂದಿನಿಂದ ದುರ್ಬೀನು ಹಿಡಿದು ನೋಡಿದರೆ ಅದೇ ಜಲ್ಲಿಯ ಸಮತಟ್ಟಿನಲ್ಲಿ ಜೋಡಿಯಾಗಿ ನಿಂತಿತ್ತು.

ಹೊಸ ತಂಡ ಬಂದು, ನೋಟ್‌ಬುಕ್ಕನ್ನು ಹೊಸ ಸಂಶೋಧಕನ ಕೈಗಿಟ್ಟು ನಾನು ಹಡಗು ಹತ್ತಿದಾಗ ಗೂಡಿನಲ್ಲಿ ಎರಡು ಮರಿಗಳಿದ್ದವು. ಊರಿಗೆ ಬಂದ ಒಂದೆರಡು ತಿಂಗಳಿಗೆ ಚಿಂತಾಮಣಿಯ ಹುಡುಗಿಯಿಂದ ಸಂದೇಶ ಬಂತು: ಒಂದು ಹಾರಿದೆ, ಇನ್ನೊಂದರ ವಿಷಯ ಗೊತ್ತಿಲ್ಲ.

ಅವಳು ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ನಾನು ಸೇನೆಯಿಂದ ನಿವೃತ್ತನಾಗಿ ಗೌರಿಬಿದನೂರಿನಲ್ಲಿ ಒಂದು ಸಣ್ಣ ಮೆಸ್ ನಡೆಸುತ್ತೇನೆ. ವರ್ಷಕ್ಕೊಮ್ಮೆಯಾದರೂ ಎರಡು ಮನೆಯವರು ಸೇರುತ್ತೇವೆ. ಹೋದ ಡಿಸೆಂಬರಿನಲ್ಲಿ ಅವಳ ಮನೆಗೆ ಹೋದಾಗ, “ಅಂಬಾಜಿದುರ್ಗ ಹತ್ತಣ ಬನ್ನಿ ಅಣ್ಣ” ಎಂದು ಎಬ್ಬಿಸಿಕೊಂಡು ಹೋದಳು. ನನ್ನ ಮಗಳೂ ಬಂದಳು. ಈಗ ಹತ್ತನೇ ಕ್ಲಾಸು, ಐಸ್‌ಕ್ರೀಮ್ ಊರಿನ ಮಾತು ಎತ್ತಿದರೆ ನಾಚಿಕೊಳ್ಳುತ್ತಾಳೆ.

ಬೆಟ್ಟದ ಅರ್ಧದಲ್ಲಿ ಒಂದು ಸಂಸಾರ ಕೋತಿಗಳಿಗೆ ಬಿಸ್ಕತ್ತು ಹಾಕುತ್ತಿತ್ತು. ಚಿಕ್ಕ ಮಗು ಕೈ ನೀಡುತ್ತಿದೆ, ತಂದೆ ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದಾನೆ. ನಾನು ನಿಂತು, “ಹಾಕಬೇಡಿ ಸ್ವಾಮಿ, ಅವಕ್ಕೆ ಒಳ್ಳೇದಲ್ಲ” ಎಂದೆ.

“ಪಾಪ, ಹಸ್ಕೊಂಡಿವೆ ಕಣ್ರೀ. ನಿಮ್ಮ ಗಂಟೇನು ಹೋಗುತ್ತೆ?” ಎಂದನು ಆತ.

ಹಿಂಬಾಗಿಲಿನಿಂದ ಶುರುಮಾಡಿ ಎಲ್ಲ ಹೇಳಲು ಬೆಟ್ಟದ ದಾರಿಯಲ್ಲಿ ಯಾರಿಗೆ ಪುರುಸೊತ್ತಿದೆ. ಚಿಂತಾಮಣಿಯ ಹುಡುಗಿ ಮುಂದೆ ಹೋಗಿ, ಮಗುವಿನ ತಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ತೆಲುಗಿನಲ್ಲಿ ಏನೋ ಮೆಲ್ಲಗೆ ಹೇಳಿದಳು. ಎದುರಿನ ಅತ್ತಿ ಮರ ತೋರಿಸಿದಳು. ಮರದ ಕಾಂಡಕ್ಕೆ ಕಾಯಿ ಮುತ್ತಿಕೊಂಡಿದ್ದವು. ಆ ತಾಯಿ ನಕ್ಕು ಪೊಟ್ಟಣ ಮಡಚಿ ಬ್ಯಾಗಿಗೆ ಹಾಕಿದಳು. ಮಗು ರಚ್ಚೆ ಹಿಡಿಯಿತು. ತಂದೆ ನನ್ನನ್ನೇ ದುರುಗುಟ್ಟಿ ನೋಡಿದನು.

“ಅಪ್ಪ, ಅವರು ನಾವು ಆಚೆ ಹೋದ್ಮೇಲೆ ಮತ್ತೆ ಹಾಕ್ತಾರೆ” ಎಂದಳು ಮಗಳು.

“ಹಾಕಬಹುದು ಕಣಮ್ಮ” ಎಂದೆ.

ಮೇಲೆ ಹತ್ತಿ ಕೂತೆವು. ಗಾಳಿ ಚೆನ್ನಾಗಿತ್ತು. ದೂರದಲ್ಲಿ ಒಂದು ಗುಡ್ಡದ ಪಕ್ಕೆಯನ್ನು ಕಲ್ಲು ತೆಗೆಯಲು ಸೀಳಿದ್ದರು. ಬಿಸಿಲಿಗೆ ಆ ಕಡಿತ ಬೆಳ್ಳಗೆ ಕಾಣುತ್ತಿತ್ತು. ಮಗಳು ಅದನ್ನೇ ನೋಡುತ್ತಾ, ಮಂಜು ಹಂಗಿರುತ್ತಾ ಎಂದು ಕೇಳಿದಳು. ಇಲ್ಲ, ಮಂಜಿಗೆ ಒಳಗಿನಿಂದ ನೀಲಿ ಇರುತ್ತದೆ ಎಂದೆವು ನಾವಿಬ್ಬರೂ, ಒಟ್ಟಿಗೇ. ಆಮೇಲೆ ಆ ನೀಲಿ ಯಾವ ಥರದ್ದು ಎಂಬುದರ ಮೇಲೆ ನಮ್ಮಿಬ್ಬರಿಗೂ ವಾದ ಹತ್ತಿಕೊಂಡಿತು. ಅವಳು ಅಗಸೆಬೀಜದ ಗಿಡದ ಹೂವಿನ ನೀಲಿ ಎಂದಳು, ನಾನು ಸೀಮೆಎಣ್ಣೆ ಸ್ಟವ್ವಿನ ಉರಿ ಎಂದೆ. ಮಗಳು ಎರಡನ್ನೂ ನೋಡಿರಲಿಲ್ಲ. ಬೆಟ್ಟ ಇಳಿದು ಮುಗಿಸುವವರೆಗೂ ಅವಳಿಗೆ ಅದನ್ನು ಹೇಳುತ್ತಲೇ ಬಂದೆವು.